ಜ್ಯೋತಿಲಕ್ಷ್ಮಿಯ ತಾರೀಖುಗಳು

ಸಿರುಗುಪ್ಪ ತಾಲ್ಲೂಕಿನಲ್ಲಿ ನಿಂತು ಜ್ಯೋತಿಲಕ್ಷ್ಮಿ ಯಾರೆಂದು ಕೇಳಿದರೆ ಅರ್ಧ ಮಂದಿ ತಲೆ ಕೆರೆದುಕೊಂಡಾರು. "ನಾಟಕದಾಗ ಅತ್ತಿಗಿ ಪಾರ್ಟು ಮಾಡ್ತಾಳಲ್ಲ, ಮಂದೀನ ಅಳಿಸ್ತಾಳಲ್ಲ, ಆಕಿ" ಎಂದರೆ ಸಾಕು, ಟ್ರ್ಯಾಕ್ಟರ್ ಮೇಲಿದ್ದವನೂ ಇಂಜಿನ್ ಆರಿಸಿ, ಆಕೆ ಯಾವ ವರ್ಷ ಯಾವ ಮಾತಿಗೆ ತನ್ನನ್ನು ಅಳಿಸಿದಳು ಎಂದು ಹೇಳಿಯೇ ಮುಂದೆ ಹೋಗುತ್ತಾನೆ. ಮುಖ ಎಲ್ಲರಿಗೂ ಗೊತ್ತು, ಹೆಸರು ಅರ್ಧ ಮಂದಿಗೆ ಗೊತ್ತು, ಫೋನ್ ನಂಬರ್ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಈ ಕಥೆಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಈ ಕಡೆಯ ಊರುಗಳಲ್ಲಿ ಭತ್ತ ಒಕ್ಕಿ ಮನೆ ಸೇರಿತೆಂದರೆ ಹುಡುಗರ ಮೈಯಲ್ಲಿ ನಾಟಕ ಏಳುತ್ತದೆ. ಗಂಡು ಪಾತ್ರಗಳಿಗೆಲ್ಲ ಊರವರೇ. ಹಗಲು ಹೊಲದಲ್ಲಿ ಗೊಬ್ಬರ ಎರಚಿದವನು ರಾತ್ರಿ ಸಾಹುಕಾರನಾಗಿ ಸಿಗರೇಟು ಸೇದುತ್ತಾನೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರಬೇಕು. ಜ್ಯೋತಿಲಕ್ಷ್ಮಿ ಬಳ್ಳಾರಿಯ ಪಾರ್ವತಿನಗರದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದುಕೊಂಡು ಇಪ್ಪತ್ತು ವರ್ಷದಿಂದ ಹಾಗೆ ಹೋಗಿಬರುತ್ತಿದ್ದಳು. ಮೊದಲು ನಾಯಕಿಯಾಗಿ, ಆಮೇಲೆ ಅತ್ತಿಗೆಯಾಗಿ, ಈಚೆಗೆ ತಾಯಿಯಾಗಿ. ವಯಸ್ಸಿನ ವಿಷಯದಲ್ಲಿ ಆಕೆಗೆ ಯಾವ ಮುಜುಗರವೂ ಇಲ್ಲ. "ತಾಯಿ ಪಾರ್ಟಿಗೆ ಡ್ಯಾನ್ಸ್ ಇರಂಗಿಲ್ಲ, ಮೊಣಕಾಲು ಉಳೀತಾವ" ಎಂದು ನಗುತ್ತಾಳೆ.

ಕಲಾವಿದೆಯನ್ನು ಗೊತ್ತು ಮಾಡುವುದಕ್ಕೆ ಒಂದು ಪದ್ಧತಿ ಇದೆ. ವೀಳ್ಯ ಕೊಡಬೇಕು. ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ, ಅದರ ಮೇಲೆ ಮುಂಗಡ. ವೀಳ್ಯ ಹಿಡಿದರೆ ಮುಗಿಯಿತು, ಆ ತಾರೀಖು ಆ ಊರಿನದು. ಜ್ವರ ಬರಲಿ, ಮಳೆ ಬರಲಿ, ಹೋಗಲೇಬೇಕು. ಹಿಡಿಯದಿದ್ದರೆ ನೂರು ಸಲ ಮಾತಾಡಿದ್ದರೂ ಅದು ಬರೀ ಮಾತು. ಆದರೆ ಆ ವೀಳ್ಯ ಕಲಾವಿದೆಯ ಕೈಗೆ ಬರುವುದಿಲ್ಲ, ಪೇಟಿ ಮಾಸ್ತರರ ಕೈಗೆ ಹೋಗುತ್ತದೆ. ಕುರುಗೋಡಿನ ಗುರುಸ್ವಾಮಿ ಮಾಸ್ತರು ಹಾರ್ಮೋನಿಯಂ ನುಡಿಸಿ, ಹಾಡು ಕಲಿಸಿ, ನಾಟಕ ಕೂಡಿಸುವವರು. ಊರವರು ಅವರನ್ನೇ ಕೇಳುತ್ತಾರೆ, ಅವರೇ ವೀಳ್ಯ ಹಿಡಿಯುತ್ತಾರೆ, ಆಮೇಲೆ ಜ್ಯೋತಿಲಕ್ಷ್ಮಿಗೆ ಫೋನ್ ಬರುತ್ತದೆ: "ಜ್ಯೋತೀ, ಶನಿವಾರ ಹಚ್ಚೊಳ್ಳಿ. ಮಧ್ಯಾಹ್ನ ತಾಲೀಮಿಗೆ ಬಂದುಬಿಡು." ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಬೇಕು ಅಂತಾರಲ್ಲ, ಹಾಗೆ.

ಮಾಸ್ತರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಗಂಡ ಸತ್ತು ಕೈಯಲ್ಲಿ ಎಳೆಗೂಸು ಇದ್ದಾಗ ಜ್ಯೋತಿಲಕ್ಷ್ಮಿಗೆ ಮೊದಲ ಪಾತ್ರ ಕೊಡಿಸಿದವರು ಅವರೇ. ಕೊಡಬೇಕಾದದ್ದರಲ್ಲಿ ಒಂದು ದಿನವೂ ಹಿಂದುಮುಂದು ಮಾಡಿದವರಲ್ಲ. ಅವರಿಗಿದ್ದದ್ದು ಒಂದೇ ದೋಷ, ತಾರೀಖು ಕೊಡುವ ಮುಂಚೆ ಆಕೆಯನ್ನು ಕೇಳುತ್ತಿರಲಿಲ್ಲ. ಕೇಳಬೇಕೆಂಬುದು ಅವರ ತಲೆಗೇ ಹೊಳೆದಿರಲಿಲ್ಲ.

ಹೋದ ವರ್ಷ ಮಗಳು ಜಯಶ್ರೀಯ ಕುಬಸ. ಜಯಶ್ರೀಯನ್ನು ಕುರುಗೋಡಿಗೇ ಕೊಟ್ಟಿದೆ, ಗಂಡ ಹೆಂಡತಿ ಅಲ್ಲಿ ಒಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡು ಊರವರ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಾರೆ. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಬೇಕಾದವಳು ತಾಯಿ. ಜ್ಯೋತಿಲಕ್ಷ್ಮಿ ಸೀರೆ ತಂದಿಟ್ಟಿದ್ದಳು, ತಾರೀಖನ್ನು ಮಾಸ್ತರಿಗೆ ಹೇಳಿಯೂ ಇದ್ದಳು. ಮಾಸ್ತರು ಮರೆತು ಅದೇ ದಿನಕ್ಕೆ ಸಿರಿಗೇರಿಯ ವೀಳ್ಯ ಹಿಡಿದರು. "ಹಿಡಿದುಬಿಟ್ಟೀನವ್ವ, ಈಗೇನು ಮಾಡಾಕಾಗ್ತೈತಿ?" ಅಂದರು. ಸೀರೆ ಉಡಿಸಿದ್ದು ನಾದಿನಿ. ಜ್ಯೋತಿಲಕ್ಷ್ಮಿ ಸಿರಿಗೇರಿಯ ಸ್ಟೇಜಿನ ಮೇಲೆ ಯಾರದೋ ತಾಯಿಯಾಗಿ ಅತ್ತಳು, ಮಂದಿ ಶಿಳ್ಳೆ ಹೊಡೆದು ಮೆಚ್ಚಿದರು. ಆ ಶಿಳ್ಳೆ ಕೇಳಿ ಆಕೆಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಇನ್ನು ನನ್ನ ತಾರೀಖು ನನ್ನ ಕೈಯಲ್ಲೇ ಇರಬೇಕು ಎಂದು ಅವತ್ತೇ ನಿಶ್ಚಯ ಮಾಡಿದಳು.

ನಿಶ್ಚಯವೇನೋ ಸುಲಭ. ದಾರಿ ತೋರಿಸಿದವಳು ಜಯಶ್ರೀ. ಮೊಮ್ಮಗ ಅಂಬೆಗಾಲಿಡುವ ಹೊತ್ತಿಗೆ ಒಂದು ದಿನ, ಅವನನ್ನು ಕೀಬೋರ್ಡಿನಿಂದ ದೂರ ಎಳೆಯುತ್ತ, "ಅವ್ವ, ನಿನ್ನ ಹೆಸರಿಗೆ ಒಂದು ವೆಬ್‌ಸೈಟ್ ಮಾಡಾನ" ಎಂದಳು. "ಯಾವ ತಾರೀಖು ಖಾಲಿ, ಯಾವುದು ಇಲ್ಲ ಅಂತ ಅದರಾಗ ಇರ್ತೈತಿ. ಊರವರು ನೋಡಿ ನಿನಗ ಫೋನ್ ಮಾಡ್ತಾರ."

"ನಂದು ಹತ್ತನೇ ಕ್ಲಾಸೂ ಪಾಸಾಗಿಲ್ಲ, ವೆಬ್‌ಸೈಟ್ ಅಂತ ವೆಬ್‌ಸೈಟು!"

"ಪಾಸಾಗದಿದ್ರ ಏನಾತು? ನಾಟಕ ಬಾಯಿಪಾಠ ಮಾಡ್ತಿಯಲ್ಲ. ಕೇಳು. ಮುಂದ ಕುಂತ ಮಂದಿಗೆ ಸ್ಟೇಜ್ ಅಷ್ಟ ಕಾಣ್ತೈತಿ. ಹಿಂದ ನೀವು ಬಣ್ಣ ಹಚ್ಚಿಕೊಳ್ಳೋ ಖೋಲಿ ಇರ್ತೈತಲ್ಲ? ವೆಬ್‌ಸೈಟಿಗೂ ಹಂಗ ಹಿಂದೊಂದು ಖೋಲಿ ಇರ್ತೈತಿ. ಫೋಟೋ ಹಾಕೋದು, ತಾರೀಖು ಬದಲಿ ಮಾಡೋದು, ಎಲ್ಲಾ ಅಲ್ಲಿಂದ. ಅದಕ್ಕ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಂತಾರ. ಸಿಎಂಎಸ್. ಅದು ನಾನಾ ನಮೂನಿ ಅದಾವ. ಯಾವುದು ಬೇಕಂತ ಆರಿಸಿಕೊಳ್ಳಬೇಕು, ಅಷ್ಟ."

ಅಷ್ಟೇ ಅಂದದ್ದು ಅಷ್ಟಕ್ಕೇ ಮುಗಿಯಲಿಲ್ಲ. ಸೀರೆ ಅಂಗಡಿಯಲ್ಲಿ ಆರಿಸುವುದೇ ಒಂದು ಮಧ್ಯಾಹ್ನದ ಕೆಲಸ, ಇದು ಮೂರು ಸಲ ಆರಿಸುವಂತಾಯಿತು.

ಮೊದಲು ಆಕೆ ಹೋದದ್ದು ಶೇಖರ್ ಹತ್ತಿರ. ಶೇಖರ್ ಬಳ್ಳಾರಿಯಲ್ಲಿ ನಾಟಕದ ಹ್ಯಾಂಡ್‌ಬಿಲ್, ಫ್ಲೆಕ್ಸು ಮಾಡುವವನು. ನಾಟಕದ ಹ್ಯಾಂಡ್‌ಬಿಲ್ ನೋಡಿದವರಿಗೆ ಗೊತ್ತು: ಮೇಲೆ ಗಣಪತಿ, ಅದರ ಕೆಳಗೆ ಉದ್ಘಾಟನೆ, ಅಧ್ಯಕ್ಷತೆ, ಜ್ಯೋತಿ ಬೆಳಗಿಸುವವರು, ಕಾಯಿ ಒಡೆಯುವವರು, ಪರದೆ ಎಳೆಯುವವರು. ಊರಲ್ಲಿ ಯಾರ ಹೆಸರು ಬಿಟ್ಟರೂ ಜಗಳ, ಆದ್ದರಿಂದ ಯಾರನ್ನೂ ಬಿಡುವುದಿಲ್ಲ. ಕಲಾವಿದೆಯರ ಹೆಸರು ಎಲ್ಲರ ಪಾದದ ಹತ್ತಿರ, ಪ್ರೆಸ್ಸಿನ ವಿಳಾಸಕ್ಕಿಂತ ಒಂದು ಗೆರೆ ಮೇಲೆ. ಶೇಖರ್ ತನಗೆ ವೆಬ್‌ಸೈಟೂ ಬರುತ್ತದೆಂದು ಬೋರ್ಡಿನಲ್ಲಿ ಬರೆಸಿದ್ದ. ಮಾದರಿ ತೋರಿಸು ಎಂದರೆ ತೋರಿಸಿದ. ಗಣಪತಿ ಇದ್ದ, ಮಿಣಮಿಣ ಹೊಳೆಯುವ ಅಕ್ಷರ ಇತ್ತು, ಗಣ್ಯರ ಫೋಟೋಗಳು ಎರಡು ಸಾಲು ಇದ್ದವು. ಜ್ಯೋತಿಲಕ್ಷ್ಮಿ ಬೆರಳಿನಿಂದ ಕೆಳಕ್ಕೆ ಎಳೆದಳು, ಎಳೆದಳು, ಕೊನೆಗೆ ತನ್ನ ಹೆಸರು ಸಿಕ್ಕಿತು.

"ನನ್ನ ಸೈಟಿನಾಗೂ ನಾನು ತಳದಾಗ ಏನಪ್ಪ?"

"ಮ್ಯಾಲ ತರ್ತೀನಿ ಅಕ್ಕ, ಅದೇನು ದೊಡ್ಡದು! ನೀವು ಯಾವುದಕ್ಕೂ ತಲಿ ಕೆಡಿಸಿಕೊಳ್ಳಬ್ಯಾಡ್ರಿ. ಎಲ್ಲಾ ನಾನೇ ಕೈಯಾಗ ಬರದು ಮಾಡ್ತೀನಿ. ತಾರೀಖು ಬದಲಿ ಆತಂದ್ರ ನನಗೊಂದು ಫೋನ್ ಹಾಕ್ರಿ, ಟೈಮ್ ಸಿಕ್ಕಾಗ ಬದಲಿ ಮಾಡಿಬಿಡ್ತೀನಿ."

ಜ್ಯೋತಿಲಕ್ಷ್ಮಿ ಚಹಾ ಕುಡಿದು ಲೋಟ ಕೆಳಗಿಟ್ಟಳು. "ಅಲ್ಲೋ ಶೇಖರ, ಮಾಸ್ತರ ಕೈಯಾಗಿಂದ ಬಿಡಿಸಿಕೊಂಡು ನಿನ್ನ ಕೈಯಾಗ ಇಟ್ಟಂಗಾತಲ್ಲ ನನ್ನ ತಾರೀಖು! ಅವರರೆ ಪೇಟಿ ನುಡಸ್ತಾರ." ಶೇಖರ್ ಬೇಸರ ಮಾಡಿಕೊಳ್ಳದೆ ನಕ್ಕ. ಅವನಿಗೆ ಹ್ಯಾಂಡ್‌ಬಿಲ್‌ಗಳ ಕೆಲಸವೇ ಕೈತುಂಬ ಇತ್ತು.

ಎರಡನೆಯದು ಜಯಶ್ರೀ ಹುಡುಕಿದ ರೆಡಿಮೇಡ್ ಸೈಟು. ಬಾಡಿಗೆ ಮನೆಯ ಹಾಗೆ, ತಿಂಗಳು ತಿಂಗಳು ಕಟ್ಟಿಕೊಂಡು ಹೋದರೆ ಎಲ್ಲ ಅವರದೇ: ಗೋಡೆ, ಬಾಗಿಲು, ಬಣ್ಣ. ಬೇಕಾದ್ದನ್ನು ಬೆರಳಲ್ಲಿ ಎಳೆದು ಕೂರಿಸಿದರಾಯಿತು. ಮಾದರಿಗಳೂ ರಾಶಿ ಇದ್ದವು, ಹೋಟೆಲಿಗೆ ಬೇರೆ, ದವಾಖಾನೆಗೆ ಬೇರೆ, ವಕೀಲರಿಗೆ ಬೇರೆ. ಹಳ್ಳಿ ನಾಟಕದ ಕಲಾವಿದೆಗೆ ಎಂದು ಮಾತ್ರ ಜಗತ್ತಿನಲ್ಲಿ ಯಾರೂ ಮಾಡಿರಲಿಲ್ಲ. ತಾರೀಖು ಕೊಡುವ ಸೌಕರ್ಯ ಇರುವುದು ಬ್ಯೂಟಿ ಪಾರ್ಲರಿನ ಮಾದರಿಯಲ್ಲಿ ಎಂದು ಅದನ್ನೇ ತೆಗೆದುಕೊಂಡರು. 'ಯಾವ ಸೇವೆ ಬೇಕು' ಎಂಬಲ್ಲಿ ಹುಬ್ಬು, ಕೂದಲು, ಮುಖದ ಮಸಾಜು ಅಳಿಸಿ ತಾಯಿ, ಅತ್ತಿಗೆ, ಘಟವಾಣಿ ಅತ್ತೆ ಎಂದು ಹಾಕಿದರು. ಸಮಯ ಅರ್ಧ ತಾಸು ಎಂದು ಇದ್ದದ್ದು ಏನು ಮಾಡಿದರೂ ಹೋಗಲಿಲ್ಲ. ಕೋಳಿ ಕೂಗುವ ತನಕ ಅಳುವ ಅತ್ತಿಗೆ ಆ ಸೈಟಿನಲ್ಲಿ ಅರ್ಧ ತಾಸಿಗೆ ಸಿಗುತ್ತಿದ್ದಳು.

ಸೈಟು ತೆರೆಯುವ ಮುಂಚೆ ಜ್ಯೋತಿಲಕ್ಷ್ಮಿ ಕುರುಗೋಡಿಗೆ ಹೋಗಿ ಮಾಸ್ತರಿಗೆ ಹಣ್ಣು ಕಾಯಿ ಕೊಟ್ಟು ಕಾಲು ಮುಟ್ಟಿ ವಿಷಯ ಹೇಳಿದಳು. ಬೆನ್ನ ಹಿಂದೆ ಮಾಡುವ ಕೆಲಸವಲ್ಲ ಅದು. ಮಾಸ್ತರು ಪೇಟಿಯ ಧೂಳು ಒರೆಸುತ್ತ ಕೇಳಿಸಿಕೊಂಡರು.

"ಮಾಡವ್ವ, ಮಾಡು. ಕಾಲ ಬದಲಾಗೈತಿ. ನಾಳೆ ಏನರೆ ತ್ರಾಸಾತಂದ್ರ ಬಾ, ನಾನು ಇಲ್ಲೇ ಅದೀನಿ." ಮಾತು ಒಳ್ಳೆಯದೇ. ಆದರೆ ತ್ರಾಸು ಆಗಿಯೇ ಆಗುತ್ತದೆ ಎಂಬ ಭರವಸೆ ಅದರಲ್ಲಿ ಎದ್ದು ಕಾಣುತ್ತಿತ್ತು.

ಮೊದಲ ವಾರ ಹಬ್ಬ. ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು: ಹಚ್ಚೊಳ್ಳಿಯಿಂದ ಬುಕ್ಕಿಂಗ್, ಸಿರಿಗೇರಿಯ ಪಕ್ಕದ ವಲಸಿಗರ ಕ್ಯಾಂಪಿನಿಂದ ಬುಕ್ಕಿಂಗ್, ಹೆಸರೇ ಕೇಳದ ಊರಿನಿಂದ ಬುಕ್ಕಿಂಗ್. ಜಯಶ್ರೀ ಕುಣಿದಾಡಿದಳು. ಜ್ಯೋತಿಲಕ್ಷ್ಮಿ ಓಣಿಗೆಲ್ಲ ಪೇಢೆ ಹಂಚಿದಳು. ಯುಗಾದಿಯ ತನಕ ಒಂದು ಶನಿವಾರವೂ ಖಾಲಿ ಉಳಿಯಲಿಲ್ಲ, ಸೈಟಿನ ಕ್ಯಾಲೆಂಡರಿನ ಎಲ್ಲ ಚೌಕಗಳೂ ಕೆಂಪಗಾದವು.

ಆಮೇಲೆ ಫೋನು ಸುಮ್ಮನಾಯಿತು. ಬುಕ್ ಮಾಡಿದವರು ಯಾರೂ ವೀಳ್ಯ ತರಲಿಲ್ಲ, ತಾಲೀಮು ಯಾವತ್ತು ಎಂದೂ ಹೇಳಲಿಲ್ಲ. ಸುಗ್ಗಿ ಮುಗಿದು ಊರೂರಲ್ಲಿ ಸ್ಟೇಜು ಕಟ್ಟುತ್ತಿದ್ದಾರೆ, ಜ್ಯೋತಿಲಕ್ಷ್ಮಿ ಮಾತ್ರ ಮನೆಯಲ್ಲಿ ಕೂತು ಹಪ್ಪಳ ಒಣಗಿಸುತ್ತಿದ್ದಾಳೆ. ಯಾಕೆಂದು ತಿಳಿದದ್ದು ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ. ಸಿರಿಗೇರಿಯ ನಾಟಕ ಸಂಘದ ದುರ್ಗೇಶ್ ಎದುರಾದ. "ಏನ್ರಿ ಅಕ್ಕಾರ, ಭಾರಿ ಡಿಮ್ಯಾಂಡ್ ಬಿಡ್ರಿ ನಿಮಗ! ಯುಗಾದಿ ತನ್ಕ ಎಲ್ಲಾ ಫುಲ್ ಅಂತ ತೋರಸ್ತೈತಿ. ನಿಮಗ ಸುಮ್ಮನ ಯಾಕ ತ್ರಾಸು ಕೊಡಬೇಕಂತ ನಾವು ಬ್ಯಾರೆಯವರನ್ನ ಕೇಳಾಕತ್ತೀವಿ."

ಜ್ಯೋತಿಲಕ್ಷ್ಮಿ ಅಲ್ಲೇ ಬೆಂಚಿನ ಮೇಲೆ ಕೂತು, ಬುಕ್ ಮಾಡಿದ ಮೊದಲ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಹಚ್ಚೊಳ್ಳಿಯ ಮಾರೇಶ, ಆ ಊರಿನ ಖಾಯಂ ಖಳನಾಯಕ.

"ಹಲೋ ಮಾರೇಶ, ನೀವು ಐದು ತಾರೀಖು ಬುಕ್ ಮಾಡೀರಲ್ಲಪ್ಪ. ಐದು ನಾಟಕ ಆಡ್ತೀರೇನು?"

"ಇಲ್ರಿ ಅಕ್ಕಾರ, ಒಂದ!"

"ಮತ್ತ ಐದು ಯಾಕ ಬುಕ್ ಮಾಡಿದ್ರಿ?"

"ಬುಕ್ ಎಲ್ಲಿ ಮಾಡೀವ್ರಿ? ಒತ್ತೀವಿ ಅಷ್ಟ. ಯಾವುದರೆ ಒಂದು ಗಟ್ಟಿ ಆದ ಮ್ಯಾಲ ವೀಳ್ಯ ತರಾನ ಅಂತ. ವೀಳ್ಯ ಇಲ್ಲದ ಬುಕ್ ಹೆಂಗ ಆಗ್ತೈತ್ರಿ? ನೀವು ದೊಡ್ಡ ಕಲಾವಿದರು, ನಿಮಗ ಗೊತ್ತಿಲ್ಲೇನು?"

ಅವನ ಮಾತು ಸರಿಯೇ. ವೀಳ್ಯ ಕೊಡದೆ ಮಾತು ಗಟ್ಟಿಯಾಗದ ನಾಡಿನಲ್ಲಿ ಬಟನ್ ಒತ್ತಿದ್ದಕ್ಕೆ ಏನು ಬೆಲೆ? ಹುಡುಗರು ಅಂಗಡಿಯ ಕಟ್ಟೆಯ ಮೇಲೆ ಕೂತು, ಇಸ್ಪೀಟು ಆಡುವ ನಡುವೆ ಒತ್ತಿದ್ದಾರೆ. ಪಾರ್ಲರಿನ ಸಿಸ್ಟಮ್ ಮಾತ್ರ ಒತ್ತಿದವನಿಗೇ ತಾರೀಖು ಎಂದು ಬಾಗಿಲು ಹಾಕಿಕೊಂಡು ಕೂತಿದೆ. ಹಾಗೆ ತಾನಾಗಿ ಕೆಂಪಾಗದಂತೆ ಮಾಡಲು ಜಯಶ್ರೀ ಎಲ್ಲ ಕಡೆ ಹುಡುಕಿದಳು. ಅವರು ಕಟ್ಟುತ್ತಿದ್ದ ಬಾಡಿಗೆಗೆ ಆ ಸೌಕರ್ಯ ಇರಲಿಲ್ಲ. ಅಲ್ಲಿ ಹಾಕಿದ ಪುಟಗಳನ್ನು ಗಂಟು ಕಟ್ಟಿಕೊಂಡು ಬೇರೆ ಕಡೆ ಒಯ್ಯಲೂ ಬರುತ್ತಿರಲಿಲ್ಲ.

ಸುದ್ದಿ ಕುರುಗೋಡಿಗೆ ಮುಟ್ಟಲು ಎಷ್ಟು ಹೊತ್ತು? ಮಾಸ್ತರ ಫೋನು ಬಂತು. "ಆಗಿದ್ದು ಆತು ಬಿಡವ್ವ. ಆ ಸೈಟು ಗೀಟು ತೆಗೆದುಬಿಡು. ಸಿರಿಗೇರಿಯವರಿಗೆ ನಾನು ಒಂದು ಮಾತು ಹೇಳಿದ್ರ ಸಾಕು, ನಿನ್ನೇ ಕರೀತಾರ. ಮೊದಲಿನಂಗ ನಡೀಲಿ."

ಒಂದು ಇಡೀ ಹಗಲು ಜ್ಯೋತಿಲಕ್ಷ್ಮಿಗೆ ಊಟ ಸೇರಲಿಲ್ಲ. ಹ್ಞೂಂ ಅಂದರೆ ನಾಳೆಯಿಂದ ಕೆಲಸ. ಉಹ್ಞೂಂ ಅಂದರೆ ಈ ಸುಗ್ಗಿ ಕೈಬಿಟ್ಟಂತೆಯೇ. ಸಂಜೆ ಜಯಶ್ರೀ ಅಪರಾಧಿಯ ಮುಖ ಮಾಡಿಕೊಂಡು ಬಂದು, "ಅವ್ವ, ನಂದ ತಪ್ಪು. ಮಾಸ್ತರ ಮಾತು ಕೇಳು" ಎಂದಳು. ಆ ಮಾತಿಗೇ ಜ್ಯೋತಿಲಕ್ಷ್ಮಿಯೊಳಗಿನ ಘಟವಾಣಿ ಅತ್ತೆ ಎದ್ದು ನಿಂತಳು.

"ತಪ್ಪು ನಿಂದಲ್ಲ, ನಂದು. ಸೈಟು ಹೆಂಗ ಕಾಣ್ತೈತಿ ಅಂತ ನೋಡಿ ಆರಿಸಿದ್ವಿ, ನನ್ನ ಕೆಲಸ ಹೆಂಗ ನಡೀತೈತಿ ಅಂತ ನೋಡಿ ಆರಿಸಲಿಲ್ಲ. ಸೆರಗು ನೋಡಿ ಸೀರಿ ತಗೊಂಡಂಗಾತು. ಈಗ ನಾ ಹೇಳ್ತೀನಿ, ನೀ ಕೇಳು. ಯಾರು ಏನರೆ ಒತ್ತಲಿ, ನಾ ಹೇಳೋ ತನಕ ತಾರೀಖು ಹೋಗಬಾರದು. ಬದಲಿ ಮಾಡೋದು ನನ್ನ ಫೋನಿನಾಗ ಆಗಬೇಕು, ಮಕದ ಮ್ಯಾಲ ಬಣ್ಣ ಇದ್ದಾಗೂ ಆಗಬೇಕು, ಕನ್ನಡದಾಗ ಆಗಬೇಕು. ನಾಳೆ ಇದು ಬ್ಯಾಡ ಅನಿಸಿದ್ರ ನನ್ನ ಸಾಮಾನು ನಾನು ಕಟ್ಟಿಕೊಂಡು ಹೋಗಂಗಿರಬೇಕು. ಇಂಥಾದ್ದು ಐತೇನು?"

ಇತ್ತು. ವರ್ಡ್‌ಪ್ರೆಸ್. ಅದನ್ನು ಜಯಶ್ರೀ ಮೊದಲೇ ನೋಡಿ, ಅವ್ವನಿಗೆ ಕಷ್ಟವಾದೀತೆಂದು ಬಿಟ್ಟಿದ್ದಳು. ಅದು ಪುಕ್ಕಟೆ, ಆದರೆ ಅದನ್ನು ಇಡುವ ಜಾಗಕ್ಕೂ ಹೆಸರಿಗೂ ವರ್ಷಕ್ಕೊಮ್ಮೆ ಕಟ್ಟಬೇಕು. ಪುಟಗಳೆಲ್ಲ ನಮ್ಮವೇ, ಬೇಕಾದಾಗ ಬೇರೆ ಕಡೆ ಒಯ್ಯಬಹುದು. ಆದರೆ ಆಗಾಗ ಅಪ್‌ಡೇಟ್ ಮಾಡಿಕೊಳ್ಳದಿದ್ದರೆ ಹಳೆ ಮನೆಗೆ ಇಲಿ ಹೊಕ್ಕಂತೆ ಕಳ್ಳರು ಹೊಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕೂತು ಕಲಿಯಬೇಕು. "ಕಲೀತೀನಿ. ನಾಟಕದ ಮಾತು ಕಲಿಯೋದಕ್ಕಿಂತ ಹೆಚ್ಚೇನು?" ಎಂದಳು ಜ್ಯೋತಿಲಕ್ಷ್ಮಿ. ಮಾಸ್ತರಿಗೆ ಫೋನ್ ಮಾಡಿ, "ಬ್ಯಾಡ್ರಿ ಮಾಸ್ತರ, ಇನ್ನೊಂದು ಸಲ ನೋಡ್ತೀನಿ" ಎಂದು ಹೇಳಿಯೂ ಬಿಟ್ಟಳು.

ಜಯಶ್ರೀ ಈ ಸಲ ಒಂದೇ ಪುಟ ಮಾಡಿದಳು. ಮೇಲೆ ದೊಡ್ಡದಾಗಿ ಜ್ಯೋತಿಲಕ್ಷ್ಮಿಯ ಹೆಸರು, ಫೋಟೋ, ಫೋನ್ ನಂಬರ್. ಕೆಳಗೆ ತಾರೀಖುಗಳು. ಒಂದೊಂದರ ಮುಂದೆಯೂ ಮೂರರಲ್ಲಿ ಒಂದು ಮಾತು: 'ಖಾಲಿ ಐತಿ', 'ಮಾತು ನಡದೈತಿ', 'ವೀಳ್ಯ ಆಗೈತಿ'. ಒತ್ತುವ ಬಟನ್ನೇ ಇಲ್ಲ, ಬೇಕಾದವರು ಫೋನ್ ಮಾಡಬೇಕು. ಪಾರ್ಲರಿನ ಸೈಟನ್ನು ಮುಚ್ಚಿ, ಎಲ್ಲ ಸಂಘಗಳ ವಾಟ್ಸಾಪಿಗೆ ಹೊಸದರ ವಿಳಾಸ ಕಳಿಸಿದರು.

ಹಚ್ಚೊಳ್ಳಿಯ ಒಂದು ತಾರೀಖು ಮೊದಲು ಗಟ್ಟಿಯಾಯಿತು. ಮಾರೇಶನಿಗೆ ತನ್ನ ಐದು ಒತ್ತುಗಳ ಬಗ್ಗೆ ತುಸು ನಾಚಿಕೆಯೂ ಇತ್ತೇನೋ, ಸಂಘದವರನ್ನು ಹೊರಡಿಸಿಕೊಂಡು ವೀಳ್ಯ ಕೊಡಲು ಅವನೇ ಬಂದಿದ್ದ. ಅಲ್ಲಿಯ ತಾಲೀಮಿಗೆ ಹೋದ ಮಧ್ಯಾಹ್ನವೇ ಜ್ಯೋತಿಲಕ್ಷ್ಮಿಯ ಕಲಿಕೆಯೂ ಸುರುವಾಯಿತು. ಟೈಪ್ ಮಾಡಲು ಬೆರಳು ತಡವರಿಸುತ್ತವೆಂದು ಜಯಶ್ರೀ ಮೈಕಿನ ಗುರುತು ಒತ್ತಿ ಮಾತಾಡುವುದನ್ನು ಕಲಿಸಿದ್ದಳು. ತಾಲೀಮು ನಡೆಯುತ್ತಿದ್ದ ಶಾಲೆಯ ಕೋಣೆಯ ಮೂಲೆಯಲ್ಲಿ ಕೂತು, ಮೈಕ್ ಒತ್ತಿ, "ಮುಂದಿನ ಶನಿವಾರ ಖಾಲಿ ಐತಿ" ಎಂದಳು. ಅಷ್ಟರಲ್ಲಿ ಪೇಟಿಯ ದನಿ ಎದ್ದಿತು, ಆಕೆಯ ಸರದಿ ಬಂತು, ಫೋನನ್ನು ಹಾಗೇ ಬೆಂಚಿನ ಮೇಲಿಟ್ಟು ಓಡಿದಳು. ಮರಳಿ ಬಂದು, ಕನ್ನಡಕ ಹಾಕಿಕೊಳ್ಳದೆ, ಸೈಟಿಗೆ ಪ್ರಕಟಿಸುವ ನೀಲಿ ಬಟನ್ ಒತ್ತಿದಳು.

ಬಸ್ಸಿನಲ್ಲಿ ಬಳ್ಳಾರಿಗೆ ಬರುವಷ್ಟರಲ್ಲಿ ಫೋನಿನ ಮೇಲೆ ಫೋನು. "ಅಕ್ಕಾರ, ಇದು ಹೊಸಾ ನಾಟಕ ಏನ್ರಿ? ಹೆಸರೇನು?" ಸೈಟು ತೆರೆದು ನೋಡಿದರೆ, 'ಮುಂದಿನ ಶನಿವಾರ ಖಾಲಿ ಐತಿ' ಎಂಬುದರ ಬೆನ್ನಿಗೇ ಮಾರೇಶನ ಗರ್ಜನೆ ಪೂರ್ತಿ ಅಚ್ಚಾಗಿತ್ತು: 'ಎಲೈ ಹೆಣ್ಣೇ ಈ ಸಾಹುಕಾರನ ಕೈಯಿಂದ ನಿನ್ನನ್ನು ಆ ಬ್ರಹ್ಮನೂ ಬಿಡಿಸಲಾರ.' ಜ್ಯೋತಿಲಕ್ಷ್ಮಿ ಬಸ್ಸಿನಲ್ಲಿ ಒಬ್ಬಳೇ ನಕ್ಕಳು, ನಗು ತಡೆಯಲಾರದೆ ಪಕ್ಕದ ಅಜ್ಜಿಗೂ ಓದಿ ಹೇಳಿದಳು. ಆಮೇಲೆ ಸೈಟಿನ ಹಿಂದಿನ ಖೋಲಿಗೆ ಹೋಗಿ, ಕನ್ನಡಕ ಹಾಕಿಕೊಂಡು, ಬ್ರಹ್ಮನೂ ಬಿಡಿಸಲಾಗದವಳನ್ನು ತಾನೇ ಬಿಡಿಸಿದಳು. ಬಸ್ಸು ಕುಲುಕುತ್ತಿತ್ತು, ಆದರೂ ಮಾಡಲು ಬಂತು. ಮಗಳನ್ನು ಕೇಳದೆ, ಶೇಖರನನ್ನು ಕೇಳದೆ, ಮಾಸ್ತರನ್ನು ಕೇಳದೆ. ಆ ಖುಷಿಗೆ ಆಕೆ ಆ ಸಾಲನ್ನು ಮೂರು ಸಲ ಬದಲಿ ಮಾಡಿ ಮೊದಲಿನಂತೆಯೇ ಇಟ್ಟಳು.

ಸಿರಿಗೇರಿಯವರು ಕೇಳಿದ್ದ ಬೇರೆ ಕಲಾವಿದೆ ಆಗುವುದಿಲ್ಲ ಅಂದಿದ್ದರು. ದುರ್ಗೇಶ್ ಸಂಘದ ಹಿರಿಯರನ್ನು ಕರೆದುಕೊಂಡು ಪಾರ್ವತಿನಗರದ ಮಹಡಿ ಹತ್ತಿದ. ಚಾಪೆ ಹಾಸಿ, ಚಹಾ ಕೊಟ್ಟದ್ದಾಯಿತು. ಹಿರಿಯರು ಚೀಲದಿಂದ ತಟ್ಟೆ ತೆಗೆದು, ಎಲೆ ಅಡಿಕೆ ಜೋಡಿಸಿ, ಕಾಯಿ ಇಟ್ಟು, ಎದ್ದು ನಿಂತು, "ಹಿಡೀರಿ ತಾಯಿ" ಎಂದರು. ತನ್ನ ಹೆಸರಿನ ವೀಳ್ಯದ ಸುದ್ದಿಯನ್ನು ಆಕೆ ನೂರಾರು ಸಲ ಫೋನಿನಲ್ಲಿ ಕೇಳಿದ್ದಳು, ಹಚ್ಚೊಳ್ಳಿಯ ಹುಡುಗರು ಅವಸರದಲ್ಲಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟು ಹೋಗಿದ್ದರು. ಹೀಗೆ ಹಿರಿಯರು ಎದ್ದು ನಿಂತು ಕೊಟ್ಟದ್ದು ಇದೇ ಮೊದಲು. ಸೆರಗು ಹೊದ್ದು, ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡಳು. ಬಹಳ ಸಂತೋಷವಾಯಿತು ಆಕೆಗೆ, ಅದನ್ನು ಬೇರೆ ಥರ ಹೇಳುವ ಅಗತ್ಯವಿಲ್ಲ. ಅವರ ಎದುರೇ ಫೋನ್ ತೆಗೆದು 'ವೀಳ್ಯ ಆಗೈತಿ' ಎಂದು ಮಾಡಿದಳು. ಹಿರಿಯರು ಬಗ್ಗಿ ನೋಡಿ, ತಮ್ಮ ಊರಿನ ಹೆಸರು ಸರಿಯಾಗಿ ಬಂದಿದೆಯೆಂದು ಖಾತ್ರಿ ಮಾಡಿಕೊಂಡೇ ಚಪ್ಪಲಿ ಮೆಟ್ಟಿದರು.

ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಾನೆ ಮೆಟ್ಟಿಲ ಮೇಲೆ ಪರಿಚಯದ ಕೆಮ್ಮು ಕೇಳಿಸಿತು. ಗುರುಸ್ವಾಮಿ ಮಾಸ್ತರು. ಈ ಮನೆಗೆ ಅವರು ಬಂದದ್ದು ಅದೇ ಮೊದಲು, ಫೋನ್ ಮಾಡಿದರೆ ಸಾಕಿತ್ತಲ್ಲ ಇಷ್ಟು ದಿನ. ಜ್ಯೋತಿಲಕ್ಷ್ಮಿ ಗಡಬಡಿಸಿ ಕುರ್ಚಿ ಒರೆಸಿದಳು, ನೀರು ಕೊಟ್ಟಳು.

"ನಮ್ಮೂರಾಗ ನನ್ನ ಶಿಷ್ಯರೆಲ್ಲಾ ಕೂಡಿ ನಾಟಕ ಇಟ್ಟಾರವ್ವ" ಎಂದರು ಮಾಸ್ತರು. "ಪೇಟಿ ಹಿಡಿದು ನಲವತ್ತು ವರ್ಷ ಆತಂತ ನನಗ ಸನ್ಮಾನನೂ ಮಾಡ್ತಾರಂತ. ತಾಯಿ ಪಾರ್ಟು ನೀನ ಮಾಡಬೇಕು. ಇಪ್ಪತ್ತೆರಡನೇ ತಾರೀಖು ಗೊತ್ತು ಮಾಡೀವಿ." ಹೇಳುತ್ತಲೇ ಚೀಲದಿಂದ ಎಲೆ, ಅಡಿಕೆ, ಕಾಯಿ ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಜೋಡಿಸಿದರು. ಆಕೆಯನ್ನು ಕೇಳಬೇಕಾದ ಜಾಗದಲ್ಲಿ ಅವರು ಎಂದಿನಂತೆ ಹೇಳಿಯೇ ಬಿಟ್ಟಿದ್ದರು.

ಜ್ಯೋತಿಲಕ್ಷ್ಮಿ ಫೋನ್ ನೋಡಿದಳು, ನೋಡುವ ಅಗತ್ಯ ಇರಲಿಲ್ಲ. ಇಪ್ಪತ್ತೆರಡನ್ನು ತುಂಬಿಸಿದವಳು ಆಕೆಯೇ.

"ಅವತ್ತು ಆಗಂಗಿಲ್ರಿ ಮಾಸ್ತರ."

"ಯಾವ ಊರಿಂದು ಹಿಡಿದಿ? ಹೇಳು, ನಾ ಮಾತಾಡ್ತೀನಿ ಅವರ ಕೂಡ."

"ಯಾವ ಊರಿಂದೂ ಇಲ್ರಿ. ಅವತ್ತು ಸಿರುಗುಪ್ಪದಾಗ ಒಂದು ನಾಟಕ ಐತಿ, ನೋಡಾಕ ಹೊಂಟೀನಿ. ಜಯಾ, ಮೊಮ್ಮಗ ಎಲ್ಲಾರೂ. ಮುಂದ ಚಾಪಿ ಹಾಸಿಕೊಂಡು, ಶೇಂಗಾ ತಿನಕೋಂತ, ಮಂದ್ಯಾಗ ಕುಂತು ನೋಡಬೇಕು. ಇಷ್ಟು ವರ್ಷ ನಾಟಕ ಮಾಡೀನಿ, ಒಂದೂ ಮುಂದ ಕುಂತು ನೋಡಿಲ್ರಿ ನಾನು."

ಮಾಸ್ತರ ಕೈ ತಟ್ಟೆಯ ಮೇಲೆಯೇ ನಿಂತಿತು. ತೆಗೆದ ವೀಳ್ಯವನ್ನು ಮತ್ತೆ ಚೀಲಕ್ಕೆ ಹಾಕುವುದು ಶುಭವಲ್ಲ, ಅದು ಇಬ್ಬರಿಗೂ ಗೊತ್ತು. ಅವರ ಸನ್ಮಾನ, ಅವರ ಊರು, ಅನ್ನ ಕೊಟ್ಟ ಕೈ. ಆದರೂ 'ಹೋಗಲಿ ಬಿಡ್ರಿ, ಬರ್ತೀನಿ' ಎಂಬ ಮಾತನ್ನು ಜ್ಯೋತಿಲಕ್ಷ್ಮಿ ಬಾಯಿಗೆ ಬರಗೊಡಲಿಲ್ಲ.

"ಇಷ್ಟು ವರ್ಷದಾಗ ನೀ ಒಮ್ಮೆನೂ ಆಗಂಗಿಲ್ಲ ಅಂದಿದ್ದಿಲ್ಲವ್ವ" ಎಂದರು ಮಾಸ್ತರು, ಸಿಟ್ಟಿಲ್ಲದೆ, ಬರೀ ಆಶ್ಚರ್ಯದಿಂದ.

"ಇಷ್ಟು ವರ್ಷದಾಗ ನೀವು ಆಗ್ತೈತೇನು ಅಂತ ಕೇಳಿದ್ದಿಲ್ರಿ ಮಾಸ್ತರ."

ಮಾಸ್ತರು ಎಲೆಗಳನ್ನು ಚೀಲಕ್ಕೆ ಹಾಕಲಿಲ್ಲ, ಬೆರಳಿನಿಂದ ಇನ್ನೊಮ್ಮೆ ಸರಿಯಾಗಿ ಜೋಡಿಸಿ, ಕಾಯಿಯನ್ನು ನಡುವೆ ಇಟ್ಟು, ಕುರ್ಚಿಯಿಂದ ಎದ್ದು ನಿಂತರು.

"ಹಂಗಾದ್ರ ನಾಟಕನ ಮುಂದ ಹಾಕಾನ. ನಿನಗ ಯಾವತ್ತು ಆಗ್ತೈತಿ, ಹೇಳವ್ವ."

ಸ್ಟೇಜಿನ ಮೇಲೆ ಒಂದು ದಿನವೂ ಮಾತು ಮರೆತವಳಲ್ಲ ಜ್ಯೋತಿಲಕ್ಷ್ಮಿ. ಅವತ್ತು ಒಂದು ತಾರೀಖು ಹೇಳುವ ಮುಂಚೆ ಮಾಸ್ತರಿಗೆಂದು ತಂದಿಟ್ಟ ನೀರನ್ನು ತಾನೇ ಕುಡಿಯಬೇಕಾಯಿತು.